ಕಬ್ಬಿಣವಿಲ್ಲದ ಹಡಗು

ನಮ್ಮ ಶಾಲೆಯ ಕ್ರಾಫ್ಟ್ ಮೇಷ್ಟ್ರು ತೀರಿಕೊಂಡು ಒಂದು ವರ್ಷವಾಗುತ್ತ ಬಂತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯದಿರಲು ನನಗೊಂದು ಕಾರಣವಿದೆ, ಅದು ಕೊನೆಯಲ್ಲಿ ಬರುತ್ತದೆ. ಹಿರಿಯೂರಿನಲ್ಲಿ ಅವರನ್ನು ಬಲ್ಲವರಿಗೆ ಹೆಸರು ಬೇಕಾಗಿಯೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ‘ಹಡಗಿನ ಮೇಷ್ಟ್ರ ಮನೆ’ ಎಂದರೆ ಆಟೋದವರು ಮರುಮಾತಿಲ್ಲದೆ ಕರೆದುಕೊಂಡು ಹೋಗುತ್ತಿದ್ದರು.

ಸಮುದ್ರ ನಮ್ಮೂರಿನಿಂದ ಒಂದು ಹಗಲಿನ ದಾರಿ. ವೇದಾವತಿಯಲ್ಲಿ ಒಳ್ಳೆಯ ನೀರು ಬಂದ ವರ್ಷ ಜನ ಸೇತುವೆಯ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ. ಇಂಥ ಊರಿನಲ್ಲಿ ಕುಳಿತು ಒಬ್ಬ ಮನುಷ್ಯ ಎರಡು ಮೊಳ ಉದ್ದದ ಮರದ ಹಡಗು ಕಟ್ಟುತ್ತಾನೆ, ಅದೂ ಹಾಯಿ, ಹಗ್ಗ, ಲಂಗರು ಸಮೇತ ಎಂದರೆ ಯಾರಿಗಾದರೂ ಏನನ್ನಿಸುತ್ತದೋ ಅದೇ ನನಗೂ ಅನ್ನಿಸಿತ್ತು. ನಾನು ವಿಜ್ಞಾನದ ಮೇಷ್ಟ್ರು. ಈ ಶಾಲೆಗೆ ವರ್ಗವಾಗಿ ಬಂದ ಹೊಸತರಲ್ಲಿ ಸ್ಟಾಫ್ ರೂಮಿನಲ್ಲಿ ಅವರ ಪಕ್ಕ ಕುರ್ಚಿ ಸಿಕ್ಕಿದಾಗ, ‘ಸಾರ್, ಇದನ್ನ ಎಲ್ಲಿ ತೇಲಿಸ್ತೀರಿ?’ ಎಂದು ಕೇಳಿ ನಾಲ್ಕು ಜನರನ್ನು ನಗಿಸಿದ್ದೆ. ಅವರೂ ನಕ್ಕರು. ತುಟಿಗಳ ನಡುವೆ ಐದಾರು ಸಣ್ಣ ಮೊಳೆ ಇದ್ದವು, ಆದ್ದರಿಂದ ಬಾಯಿ ತೆರೆಯದೆ ಮೂಗಿನಲ್ಲೇ ನಕ್ಕರು.

ಆ ಮೊಳೆಗಳು ಅವರ ಮುಖದ ಭಾಗವೇ ಆಗಿಬಿಟ್ಟಿದ್ದವು. ಅರ್ಧ ಇಂಚಿನ ಹಿತ್ತಾಳೆ ಮೊಳೆಗಳು, ತಲೆ ಸಾಸಿವೆಗಿಂತ ಚೂರು ದೊಡ್ಡದು. ಬಿಡುವಿನ ಪೀರಿಯಡ್ಡಿನಲ್ಲಿ ಹಡಗಿನ ಒಂದು ತುಂಡನ್ನು ತೊಡೆಯ ಮೇಲಿಟ್ಟುಕೊಂಡು, ತುಟಿಯಿಂದ ಒಂದೊಂದೇ ಮೊಳೆ ತೆಗೆದು ಕೂರಿಸುತ್ತಿದ್ದರು. ಹೆಡ್ ಮೇಷ್ಟ್ರು ಬಂದು ಏನಾದರೂ ಹೆಚ್ಚಿನ ಕೆಲಸ ಹೇಳಿದರೆ ಮೊಳೆಗಳನ್ನು ತೋರಿಸಿ ‘ಹ್ಞೂಂ’ ಎನ್ನುತ್ತಿದ್ದರು. ಅದು ಒಪ್ಪಿಗೆಯೋ ಅಲ್ಲವೋ ಯಾರಿಗೂ ತಿಳಿಯುತ್ತಿರಲಿಲ್ಲ. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಒಂದು ದಿನ ಕಾಫಿ ಕೊಡುತ್ತ ಹೇಳಿದರು: ‘ಇವ್ರು ಮೊಳೆ ಬಾಯಾಗೆ ಇಟ್ಕಳದು ಕೆಲಸಕ್ಕಲ್ಲ ಕಣ್ರಿ. ನಾನು ಕೇಳಿದ್ದಕ್ಕೆ ಉತ್ರ ಕೊಡದು ತಪ್ತೈತಲ್ಲ, ಅದಕ್ಕೆ.’

ಅವರ ಮನೆಗೆ ನಾನು ಹೋಗತೊಡಗಿದ್ದು ತಮಾಷೆ ನೋಡಲು. ಬಬ್ಬೂರು ಕಡೆಯ ರಸ್ತೆಯಲ್ಲಿ ಮನೆ, ಹಿತ್ತಿಲಲ್ಲಿ ಹೆಂಚು ಹೊದಿಸಿದ ಒಂದು ಶೆಡ್. ಶೆಡ್ಡಿಗೆ ಹೊಸ್ತಿಲಿರಲಿಲ್ಲ. ಮಾಡಿನ ಗಳಗಳನ್ನೂ ಮೊಳೆ ಹೊಡೆಯದೆ ತೆಂಗಿನ ಹಗ್ಗದಿಂದ ಬಿಗಿದಿದ್ದರು. ದಿನವಿಡೀ ಮೊಳೆ ಹೊಡೆಯುವವರು ಸ್ವಂತ ಶೆಡ್ಡಿಗೆ ಒಂದೂ ಮೊಳೆ ಹೊಡೆದಿಲ್ಲವಲ್ಲ ಎಂದು ಆಗಲೇ ಕೇಳಬಹುದಿತ್ತು, ಕೇಳಲಿಲ್ಲ. ಕೇಳುವ ಬದಲು ಒಂದು ಮೊಳೆ ತೆಗೆದುಕೊಂಡು, ‘ಇದೇನು ಮಹಾ, ಕೊಡಿ ಸಾರ್’ ಎಂದು ಸುತ್ತಿಗೆ ಎತ್ತಿದೆ. ಮೊದಲ ಏಟು ನನ್ನ ಬೆರಳಿಗೆ, ಎರಡನೆಯದು ಹಲಗೆಗೆ. ಹಲಗೆ ಉದ್ದಕ್ಕೂ ಸೀಳಿತು.

‘ಕುಂತ್ಕಳ್ರಿ ಸೈನ್ಸ್ ಮೇಷ್ಟ್ರೇ,’ ಎಂದರು. ‘ಮೊಳೆ ಹೊಡಿಯೋದು ಅಂತಾರೆ, ಸುಳ್ಳು ಅದು. ಮೊಳೆನ ಕಳಿಸ್ಬೇಕು.’

ಅವತ್ತು ಅವರು ಹೇಳಿಕೊಟ್ಟದ್ದು ಇವತ್ತಿಗೂ ನನ್ನ ಕೈಯಲ್ಲಿದೆ. ಬೆರಳಿಗೆ ಸಿಗದಷ್ಟು ಸಣ್ಣ ಮೊಳೆಯನ್ನು ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ಚುಚ್ಚಿ ನಿಲ್ಲಿಸಬೇಕು; ಕಾಗದ ಹಿಡಿದರೆ ಮೊಳೆ ನೆಟ್ಟಗೆ ನಿಲ್ಲುತ್ತದೆ, ಕೂತ ಮೇಲೆ ಕಾಗದ ಹರಿದುಕೊಂಡರಾಯಿತು. ಮೊದಲು ತೂತು ಮಾಡಬೇಕು. ಅದಕ್ಕೆ ಅವರ ಹತ್ತಿರ ಕಡ್ಡಿ ಬದಲಿಸುವ ಪೆನ್ಸಿಲ್ಲಿನ ಖಾಲಿ ಕವಚವಿತ್ತು, ಅದರ ಬಾಯಿಗೆ ಮುರಿದ ಹೊಲಿಗೆ ಮಿಷನ್ನಿನ ಸೂಜಿ ಸಿಕ್ಕಿಸಿಕೊಂಡು ಎರಡು ಬೆರಳಲ್ಲಿ ತಿರುಗಿಸುತ್ತಿದ್ದರು. ಆಮೇಲೆ ಮೊಳೆಯ ತುದಿಯನ್ನು ಕಲ್ಲಿನ ಮೇಲಿಟ್ಟು ಒಂದು ಸಣ್ಣ ಏಟು ಕೊಟ್ಟು ಮೊಂಡು ಮಾಡುತ್ತಿದ್ದರು. ಇದು ನನಗೆ ಅರ್ಥವಾಗಲಿಲ್ಲ. ಚೂಪಾದದ್ದನ್ನು ಮೊಂಡು ಮಾಡುವುದೇಕೆ?

‘ಚೂಪು ಮೊಳೆ ಮರನ ಸೀಳಿ ದಾರಿ ಮಾಡ್ಕಂತೈತೆ. ಮೊಂಡು ಮೊಳೆ ತಾನು ಹಿಡಿಸೋಷ್ಟೇ ಜಾಗ ಮಾಡ್ಕಂತೈತೆ. ಮನ್ಸ್ಯಾರೂ ಅಷ್ಟೇಯ,’ ಎಂದು ನನ್ನ ಮುಖ ನೋಡಿದರು. ಎರಡು ಮೊಳೆ ಮರದ ಒಂದೇ ಗೆರೆಯ ಮೇಲೆ ನಿಲ್ಲಬಾರದು. ತುದಿಯನ್ನು ಸೋಪಿಗೆ ಒತ್ತಿ ತೆಗೆಯಬೇಕು. ಕೊನೆಗೆ ಅಕ್ಕಸಾಲಿಗರ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಕೇಳಿಸಿಕೊಳ್ಳಬೇಕು. ಮೊಳೆ ಹೊರಗಿನ ಹಲಗೆಯಲ್ಲಿರುವಾಗ ಒಂದು ಸದ್ದು, ಒಳಗೆ ಪಕ್ಕೆಲುಬಿನ ಹಾಗೆ ಬಾಗಿದ ಪಟ್ಟಿಗೆ ಮುಟ್ಟಿದಾಗ ಇನ್ನೊಂದು. ಎರಡನೆಯ ಸದ್ದು ಬಂದರೆ ಕೈ ನಿಲ್ಲಿಸಬೇಕು. ನನಗೆ ಆ ಸದ್ದು ಕೇಳಲು ಎರಡು ತಿಂಗಳು ಬೇಕಾಯಿತು. ಕೇಳಿಸಿದ ದಿನ ಅವರು ಬಾಯಿಂದ ಮೊಳೆಗಳನ್ನೆಲ್ಲ ತೆಗೆದು ಅಂಗೈಗೆ ಹಾಕಿಕೊಂಡು, ‘ಶಾಣ್ಯಾ ಆದ್ರಿ ಬಿಡ್ರಿ’ ಎಂದರು.

ಕಬ್ಬಿಣದ ಮೊಳೆ ಯಾಕಾಗದು ಎಂದು ಒಂದು ಭಾನುವಾರ ಕೇಳಿದೆ. ತುಕ್ಕು ಹಿಡಿಯುತ್ತದೆ ಎಂಬ ಉತ್ತರವನ್ನು ನಾನೇ ಸಿದ್ಧ ಮಾಡಿಕೊಂಡಿದ್ದೆ. ಅವರು ಎದ್ದು ನನ್ನನ್ನು ಮನೆಯ ಮುಂಬಾಗಿಲಿಗೆ ಕರೆದುಕೊಂಡು ಹೋದರು. ಹೊಸ್ತಿಲಿನ ಬಲತುದಿಯಲ್ಲಿ, ಅರಿಶಿನದ ಕೆಳಗೆ, ಕಪ್ಪಗೆ ಒಂದು ಚುಕ್ಕೆ. ಮುಟ್ಟಿ ನೋಡಿದೆ. ತಲೆ ಮುರಿದ ದಪ್ಪ ಕಬ್ಬಿಣದ ಮೊಳೆ.

‘ನಾನೇ ಹೊಡೆದದ್ದು. ನನ್ನ ತಮ್ಮಗೆ,’ ಎಂದರು.

ಅವರ ತಮ್ಮ ಹಡಗಿನಲ್ಲಿ ಅಡುಗೆಯವನಾಗಿ ಸೇರಿದ್ದ. ನಮ್ಮ ಕಡೆಯವರು ಹಡಗು ಹತ್ತುವುದು ಕಡಿಮೆ. ಅವನು ಯಾರದೋ ಜೊತೆ ಮುಂಬೈಗೆ ಹೋಗಿ, ಅಲ್ಲಿಂದ ಹತ್ತಿಬಿಟ್ಟ. ಎರಡು ಸಲ ಊರಿಗೆ ಬಂದು ಹೋದ. ಬಂದಾಗಲೆಲ್ಲ ಮಧ್ಯಾಹ್ನ ನಾಲ್ಕರ ಬಸ್ಸಿಗೆ ಇಳಿಯುವನು, ಚಪ್ಪಲಿಯನ್ನು ಹೊಸ್ತಿಲಿಗೆ ಕೆರೆದು ಮಣ್ಣು ಬೀಳಿಸಿ ಒಳಗೆ ಬರುವನು. ಮೂರನೆಯ ಸಲ ಅವನ ಬದಲು ಕಾಗದ ಬಂತು. ಒಂದು ಬೆಳಗ್ಗೆ ಎಣಿಸಿದಾಗ ಹಡಗಿನಲ್ಲಿ ಒಬ್ಬ ಕಡಿಮೆ ಇದ್ದನಂತೆ. ದೇಹ ಸಿಗಲಿಲ್ಲ. ಮಣ್ಣು ಮಾಡಲು ಏನೂ ಇಲ್ಲದೆ ಅವನದೊಂದು ಅಂಗಿಯನ್ನು ಹೂಳಿದರು.

ಅದಾದ ಮೇಲೆ ನಾಲ್ಕು ಗಂಟೆಗೆ ಹೊಸ್ತಿಲಲ್ಲಿ ಚಪ್ಪಲಿ ಕೆರೆಯುವ ಸದ್ದು ಅಕ್ಕನಿಗೆ ಕೇಳತೊಡಗಿತು. ಮೂರು ವರ್ಷದ ಮಗಳು ಬಾಗಿಲ ಬಳಿ ಕೂತು ‘ಚಿಕ್ಕಪ್ಪ, ಒಳಗ್ ಬಾ’ ಎನ್ನುವಳು. ಆಮೇಲೆ ಮಗುವಿಗೆ ಜ್ವರ ಬಂತು, ಇಳಿಯಲಿಲ್ಲ. ಹಿರಿಯರು ನಮ್ಮಲ್ಲಿ ಹೇಳುವುದನ್ನೇ ಹೇಳಿದರು. ಸತ್ತವರ ಹೆಸರು ಹೇಳಿ ಹೊಸ್ತಿಲಿಗೆ ಕಬ್ಬಿಣದ ಮೊಳೆ ಹೊಡೆದರೆ ಅವರು ಒಳಗೆ ಬರುವುದಿಲ್ಲ. ಮನೆಯಲ್ಲಿ ಸುತ್ತಿಗೆ ಹಿಡಿಯುವವರು ಇವರೊಬ್ಬರೇ. ತಮ್ಮನ ಹೆಸರು ಹೇಳಿ ಹೊಡೆದರು. ಮಗುವಿನ ಜ್ವರ ಇಳಿಯಿತು. ಚಪ್ಪಲಿಯ ಸದ್ದೂ ನಿಂತಿತು.

‘ಜ್ವರ ಔಷಧಿಗೆ ಇಳಿದಿರತ್ತೆ ಸಾರ್,’ ಎಂದೆ.

‘ಇದ್ರೂ ಇರಬೋದು. ಆದ್ರೆ ಬಾಗ್ಲಾಗೆ ನಿಂತ ತಮ್ಮಗೆ ಬರಬ್ಯಾಡ ಅಂದೋನು ನಾನು ತಾನೆ? ನೆಲದ ಮ್ಯಾಲೆ ಬರಾಕೆ ಬಿಡ್ಲಿಲ್ಲ. ಅವ್ನು ಹೋಗಿದ್ದು ಕಬ್ಬಿಣದ ಹಡಗಿನಾಗೆ, ಬರೋದಾದ್ರೂ ಮರದ್ರಾಗೆ ಬರ್ಲಿ.’

ಮಗಳು ದೊಡ್ಡವಳಾದ ಮೇಲೆ ಆ ಮೊಳೆ ಕೀಳಲು ನೋಡಿದ್ದರಂತೆ. ಅರ್ಧ ಇಂಚಿನ ಮೊಳೆಯನ್ನು ಮರಕ್ಕೆ ಗಾಯವಾಗದಂತೆ ತೆಗೆಯುವ ಕೈ ಅದು. ಆದರೆ ಹೊಸ್ತಿಲು ಎಷ್ಟೋ ವರ್ಷ ನೀರು ಕುಡಿದು ಮೊಳೆಯನ್ನು ಕಚ್ಚಿಕೊಂಡಿತ್ತು. ಇಕ್ಕಳ ಹಾಕಿ ಎಳೆದರೆ ತಲೆ ಮಾತ್ರ ಕೈಗೆ ಬಂತು. ಅದರ ಜಾಗಕ್ಕೆಂದು ಒಂದು ಹಿತ್ತಾಳೆ ಮೊಳೆ ತೆಗೆದಿಟ್ಟಿದ್ದರು. ಅಣ್ಣ ತಮ್ಮ ಇಬ್ಬರೂ ಮಲಗಿದ್ದ ತೊಟ್ಟಿಲಿನ ಮೊಳೆ, ಎರಡು ಇಂಚಿನದು. ಅದನ್ನು ನನಗೆ ತೋರಿಸಿ ಮತ್ತೆ ಡಬ್ಬಿಗೆ ಹಾಕಿಟ್ಟರು.

ಮನೆಯಲ್ಲಿ ಬಾಣಲೆ, ಈಳಿಗೆಮಣೆ ಎಲ್ಲ ಕಬ್ಬಿಣವೇ ಅಲ್ಲವೇ ಎಂದು ನಾನು ವಾದ ಮಾಡಿದೆ, ವಿಜ್ಞಾನದ ಮೇಷ್ಟ್ರಾಗಿ ಸುಮ್ಮನಿರಲಾಗದೆ. ‘ಇಟ್ಟ ಕಬ್ಬಿಣ ಬ್ಯಾರೆ, ಹೊಡೆದ ಕಬ್ಬಿಣ ಬ್ಯಾರೆ’ ಎಂದರು.

ಶೆಡ್ಡಿನಲ್ಲಿ ಎರಡು ಹಡಗುಗಳು ತೊಲೆಯಿಂದ ಒಂಟಿ ದಾರದಲ್ಲಿ ತೂಗುತ್ತಿದ್ದವು. ನಾಲ್ಕು ಗಂಟೆಯ ಆಸುಪಾಸಿಗೆ ಅವು ನಿಧಾನವಾಗಿ ಬಾಗಿಲ ಕಡೆ ಮೂತಿ ತಿರುಗಿಸುತ್ತಿದ್ದವು. ನಾನೇ ಕಣ್ಣಾರೆ ನೋಡಿದ್ದೇನೆ. ದುರ್ಗದ ಸೀಮೆಯ ಗಾಳಿ, ಬಿಸಿಲಿಗೆ ಕಾದ ಹೆಂಚು, ದಾರದ ಹುರಿ, ಕಾರಣಗಳಿಗೇನು ಬರ. ಎಲ್ಲವನ್ನೂ ಅವರಿಗೆ ವಿವರಿಸಿದ್ದೆ. ಅವರು ಪೂರ್ತಿ ಕೇಳಿ, ತಿರುಗುತ್ತಿದ್ದ ಹಡಗಿನ ಕಡೆ ನೋಡಿ, ‘ಬಂದ್ಯೇನಪ್ಪ’ ಎಂದು ಮೆಲ್ಲಗೆ ಹೇಳುತ್ತಿದ್ದರು. ಆ ಒಂದು ಗಳಿಗೆ ಮಾತ್ರ ಅವರ ತುಟಿಯಲ್ಲಿ ಮೊಳೆ ಇರುತ್ತಿರಲಿಲ್ಲ.

ಮೂರನೆಯ ಹಡಗು ದೊಡ್ಡದು. ಅದನ್ನು ಮಾಡುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು, ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿ ಎಂದರೆ, ‘ಹಡಗು ಮುಗೀಲಿ, ಆಮ್ಯಾಲೆ ಹೋಗಾಣ’ ಎನ್ನುವರು. ಬೆರಳ ತುದಿಯಲ್ಲೇ ಎಲ್ಲ ಕೆಲಸ. ಹಿತ್ತಾಳೆ ಮೊಳೆ ಹಿರಿಯೂರಿನಲ್ಲಿ ಸಿಗುತ್ತಿರಲಿಲ್ಲ. ಉತ್ತರ ಪತ್ರಿಕೆ ತಿದ್ದಲು ನಾನು ಚಿತ್ರದುರ್ಗಕ್ಕೆ ಹೋಗುವುದಿತ್ತು, ತರುತ್ತೇನೆಂದು ಒಪ್ಪಿಕೊಂಡೆ. ‘ನೋಡಿ ತರ್ರಿ, ಅಪ್ಪಟ ಹಿತ್ತಾಳೆನೇ ಆಗಬೇಕು’ ಎಂದು ಗೇಟಿನವರೆಗೂ ಬಂದು ಹೇಳಿದರು.

ಮೂರು ದಿನ ಪತ್ರಿಕೆ ತಿದ್ದಿ ತಲೆ ಗಿರ್ ಎನ್ನುತ್ತಿತ್ತು. ಕೊನೆಯ ದಿನ ನಾಲ್ಕು ಅಂಗಡಿ ಸುತ್ತಿದೆ. ಐದನೆಯ ಅಂಗಡಿಯವನು ಒಂದು ಪೊಟ್ಟಣ ತೆಗೆದಿಟ್ಟ. ಥಳಥಳ ಹೊಳೆಯುವ ಅರ್ಧ ಇಂಚಿನ ಮೊಳೆಗಳು. ಪಾಪ, ಅವನು ಮೋಸ ಮಾಡಲಿಲ್ಲ. ‘ಇದು ಮ್ಯಾಲೆ ಅಷ್ಟೇ ಹಿತ್ತಾಳೆ ಪಾಲಿಶು ಸಾರ್, ಒಳಗೆ ಕಬ್ಬಿಣ. ನಡಿತೈತಾ?’ ಎಂದು ಬಾಯಿಬಿಟ್ಟು ಕೇಳಿದ. ಬಸ್ಸಿಗೆ ಹೊತ್ತಾಗಿತ್ತು. ನಡೆಯುತ್ತದೆ ಎಂದೆ.

ನಡೆಯುತ್ತದೆ ಎಂದವನು ನಾನು, ಒಪ್ಪಿಕೊಳ್ಳುತ್ತೇನೆ. ದಾರಿಯುದ್ದಕ್ಕೂ ನನಗೆ ನಾನೇ ಪಾಠ ಮಾಡಿಕೊಂಡೆ. ದೆವ್ವವಿಲ್ಲ, ಇಲ್ಲದ ದೆವ್ವಕ್ಕೆ ಹಿತ್ತಾಳೆಯಾದರೇನು, ಕಬ್ಬಿಣವಾದರೇನು? ಮನುಷ್ಯನಿಗೆ ಸಮಾಧಾನವಾದರೆ ಸಾಕು. ಪೊಟ್ಟಣ ಕೊಟ್ಟಾಗ ಅವರು ಒಂದು ಮೊಳೆಯನ್ನು ಬೆರಳಲ್ಲಿ ಹೊರಳಿಸಿ, ‘ಹಿತ್ತಾಳೆನೇ ತಾನೆ?’ ಎಂದರು. ‘ಹಿತ್ತಾಳೆನೇ ಸಾರ್’ ಎಂದೆ. ವಾರ ಕಳೆದು ಹೋದಾಗ ಹೊಗಳಿದರು: ‘ಈ ಸಲದ ಮೊಳೆ ಬಗ್ಗೋದೇ ಇಲ್ಲ. ಒಳ್ಳೆ ಮಾಲು ತಂದ್ರಿ ಕಣ್ರಿ.’ ಕೈಯಲ್ಲಿದ್ದ ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ.

ಮೂರನೆಯ ಹಡಗನ್ನು ತೂಗುಹಾಕಿದ ದಿನ ಅಕ್ಕ ಪಾಯಸ ಮಾಡಿದ್ದರು. ನಾಲ್ಕು ಗಂಟೆಯಾಯಿತು. ಹಳೆಯ ಎರಡೂ ತಿರುಗಿದವು. ಹೊಸದು ತಿರುಗಲಿಲ್ಲ. ಮರುದಿನವೂ ಇಲ್ಲ, ಹತ್ತನೆಯ ದಿನವೂ ಇಲ್ಲ. ತೂಕ ಹೆಚ್ಚು, ಅದಕ್ಕೆ ತಿರುಗುವುದಿಲ್ಲ ಎಂದೆ. ಅವರು ತಲೆ ಆಡಿಸಿದರು. ‘ಇಲ್ಲ ಸಾರ್, ಎಲ್ಲೋ ನನ್ನ ಕೈ ತಪ್ಪೈತೆ. ಕಣ್ಣು ಕಾಣ್ದೆ ಏನೋ ಎಡವಟ್ಟು ಮಾಡೀನಿ.’

ಹಡಗನ್ನು ಇಳಿಸಿ, ತಪ್ಪು ಹುಡುಕಲು ಕೂತರು. ಒಂದೊಂದೇ ಮೊಳೆ ಕೀಳುವುದು, ಬೆರಳಲ್ಲಿ ಸವರುವುದು, ತೂತಿಗೆ ಸೂಜಿ ಇಳಿಸಿ ನೋಡುವುದು, ಮತ್ತೆ ಅದೇ ಮೊಳೆ ಕೂರಿಸುವುದು. ಸರಿಯಾಗಿಯೇ ಇದ್ದದ್ದನ್ನು ಕಿತ್ತು ಮತ್ತೆ ಸರಿ ಮಾಡುತ್ತಿದ್ದರು. ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ. ಜೀವಮಾನದಲ್ಲಿ ಒಂದು ಹಲಗೆ ಸೀಳದವರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಿದ್ದರು. ‘ತಮ್ಮಗೆ ಎರಡನೇ ಸಲ ಬಾಗ್ಲು ಹಾಕಿದೆ’ ಎಂದು ಒಮ್ಮೆ ಹೇಳಿದರು. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ.

ಹೇಳಿಬಿಡಬೇಕೆಂದು ಒಂದು ಶನಿವಾರ ಲ್ಯಾಬಿನಿಂದ ಆಯಸ್ಕಾಂತ ಜೇಬಿಗೆ ಹಾಕಿಕೊಂಡು ಹೋದೆ. ಮಾತಿನಲ್ಲಿ ಹೇಳಲಾರೆ, ಮೊಳೆಯನ್ನು ಅಂಟಿಸಿ ಅವರ ಕೈಗೆ ಕೊಟ್ಟರೆ ಅವರಿಗೇ ತಿಳಿಯುತ್ತದೆ ಎಂಬ ಲೆಕ್ಕ. ಅವರು ಪೇಪರ್ ಹಾಸಿ ಕಿತ್ತ ಮೊಳೆಗಳನ್ನು ಹರಡಿಕೊಂಡಿದ್ದರು. ನಾನು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಪೇಪರಿನ ಅಂಚಿನ ನಾಲ್ಕಾರು ಮೊಳೆಗಳು ಅಲುಗಿ, ನನ್ನ ಜೇಬಿನ ಕಡೆಗೆ ತಲೆ ತಿರುಗಿಸಿದವು. ಯಾಕೆಂದು ಚೆನ್ನಾಗಿ ಗೊತ್ತು, ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ಆದರೂ ಅವು ಬೆರಳು ಮಾಡಿ ನನ್ನನ್ನು ತೋರಿಸಿದ ಹಾಗಾಯಿತು. ಅವರಿಗೆ ಪೊರೆ, ಕಾಣಲಿಲ್ಲ. ‘ಯಾರು, ನೀವಾ? ಬರ್ರಿ’ ಎಂದರು. ಕೆಲಸವಿದೆ ಎಂದು ಎದ್ದು ಬಂದುಬಿಟ್ಟೆ.

ಅದೇ ತಿಂಗಳು ಅವರು ಹೋದರು. ಶೆಡ್ಡಿನಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಹಡಗಿನ ಒಂದು ಮಗ್ಗುಲು ಬಿಚ್ಚಿತ್ತು.

ಮಣ್ಣು ಮಾಡಿ ಬಂದ ಮೇಲೆ ಹೊಳಲ್ಕೆರೆಯಿಂದ ಬಂದಿದ್ದ ಅಕ್ಕನ ಸೋದರಮಾವ ಪಂಚಾಂಗ ನೋಡಿ, ಸತ್ತ ನಕ್ಷತ್ರ ಒಳ್ಳೆಯದಲ್ಲ ಎಂದರು. ಮಗಳು ಬಸುರಿ, ತವರಿಗೆ ಬಂದಿದ್ದಳು. ಹೊಸ್ತಿಲಿಗೆ ಮೊಳೆ ಹೊಡೆಯಲೇಬೇಕು. ಹಳೆಯ ಮೊಳೆ ಇದೆಯಲ್ಲ ಎಂದೆ. ‘ಅದು ಆ ಹುಡುಗಂದು. ಒಂದು ಮೊಳೆ ಒಬ್ರಿಗೇ ಆಗೋದು’ ಎಂದರು ಆ ಅಜ್ಜ. ಅಕ್ಕ ನನ್ನ ಕಡೆ ನೋಡಿದರು. ‘ನೀವೇ ಹೊಡಿರಿ. ನಿಮಗೆ ಮೊಳೆ ಹೊಡಿಯೋದು ಕಲಿಸಿದ್ದು ಅವ್ರೇ ಅಲ್ವಾ?’

ಸುತ್ತಿಗೆ, ಮೊಳೆ ತರುತ್ತೇನೆಂದು ಶೆಡ್ಡಿಗೆ ಹೋದೆ. ಮಧ್ಯಾಹ್ನದ ಬಿಸಿಲು ಒಳಗೆ ಬಿದ್ದಿತ್ತು. ಅವರ ಡಬ್ಬಿ ತೆಗೆದೆ. ತೊಟ್ಟಿಲಿನ ಹಿತ್ತಾಳೆ ಮೊಳೆ ಅಲ್ಲೇ ಇತ್ತು. ಪಕ್ಕದಲ್ಲಿ ಹಡಗಿನ ತಳಕ್ಕೆ ಬಳಿಯುವ ಕಪ್ಪು ಬಣ್ಣದ ಡಬ್ಬಿ. ಯೋಚನೆ ಮಾಡಲಿಲ್ಲ. ಮೊಳೆಯನ್ನು ಬಣ್ಣಕ್ಕೆ ಅದ್ದಿ, ಚಿಂದಿಯಲ್ಲಿ ಒರೆಸಿದೆ. ಕಬ್ಬಿಣವೇ ಅನ್ನಿಸುವಷ್ಟು ಕಪ್ಪಾಯಿತು. ಒಮ್ಮೆ ಕಬ್ಬಿಣವನ್ನು ಹಿತ್ತಾಳೆ ಎಂದು ಅವರ ಕೈಗಿಟ್ಟವನು, ಈಗ ಹಿತ್ತಾಳೆಯನ್ನು ಕಬ್ಬಿಣ ಎಂದು ಅವರ ಹೊಸ್ತಿಲಿಗೆ ಒಯ್ದೆ. ಹೋಗುವ ಮುಂಚೆ ನಾಲ್ಕು ಸಣ್ಣ ಮೊಳೆಗಳನ್ನು ತುಟಿಗೆ ಕಚ್ಚಿಕೊಂಡೆ.

ಅಜ್ಜ ಹೊಸ್ತಿಲಿಗೆ ಅರಿಶಿನ ಹಚ್ಚಿ ಎಡತುದಿ ತೋರಿಸಿದರು. ‘ಹೆಸ್ರು ಹೇಳಿ ಹೊಡಿಯಪ್ಪ. ಹೆಸ್ರು ಹೇಳ್ದಿದ್ರೆ ಹಿಡಿಯಲ್ಲ.’

ನಾನು ತುಟಿಯ ಮೊಳೆಗಳನ್ನು ತೋರಿಸಿ, ಮೂಗಿನಲ್ಲಿ ಏನೋ ಗೊಣಗಿ ಹೊಡೆದೆ. ಯಾವ ಹೆಸರನ್ನೂ ಹೇಳಲಿಲ್ಲ. ಅಂದು ಹೇಳದ ಹೆಸರನ್ನು ಇಂದು ಬರೆದು ಅವರನ್ನು ಕಟ್ಟಿಹಾಕುವುದು ನನ್ನಿಂದಾಗದು. ಮೊಳೆ ಸೀದಾ ಇಳಿಯಿತು, ಕೆಳಗಿನ ಮರ ಮುಟ್ಟಿದಾಗ ಆ ಎರಡನೆಯ ಸದ್ದು ಬಂತು. ಕೈ ನಿಲ್ಲಿಸಿದೆ.

‘ಗಟ್ಟಿಯಾಗಿ ಕುಂತೈತಾ?’ ಎಂದು ಅಕ್ಕ ಕೇಳಿದರು. ಕೂತಿದೆ ಎಂದು ತಲೆ ಆಡಿಸಿದೆ. ಅವರು ತಂಬಿಗೆ ತಂದು ನನ್ನ ಕೈಗೆ ನೀರು ಹಾಕಿದರು. ಬೆರಳುಗಳಿಂದ ಕಪ್ಪು ಬಣ್ಣ ಇಳಿದು ಅಂಗಳದಲ್ಲಿ ಹರಿಯಿತು. ಅದನ್ನೇ ಸ್ವಲ್ಪ ಹೊತ್ತು ನೋಡಿದರು. ‘ಅವ್ರೂ ಹಿಂಗೇ ಬಣ್ಣದ ಕೈಯಾಗೇ ಊಟಕ್ಕೆ ಬರೋರು’ ಎಂದರು. ಬಿಚ್ಚಿದ ಹಡಗನ್ನು ನನಗೇ ಕೊಟ್ಟು ಕಳಿಸಿದರು. ಮಗಳಿಗೆ ಹೆರಿಗೆಯಾಗಿದೆ, ತಾಯಿ ಮಗು ಚೆನ್ನಾಗಿದ್ದಾರೆ.

ಈ ವರ್ಷವೆಲ್ಲ ನಾನು ಆ ಹಡಗಿನ ಕಬ್ಬಿಣ ಕಿತ್ತೆ. ತೂತುಗಳಿಗೆ ಬಿದಿರಿನ ಕಡ್ಡಿ ತುಂಬಿ, ಪಕ್ಕದಲ್ಲಿ ಹೊಸ ತೂತು ಮಾಡಿ, ಹೊರಗಿನಿಂದ ತರಿಸಿದ ಅಪ್ಪಟ ಹಿತ್ತಾಳೆ ಮೊಳೆ ಕೂರಿಸಿದೆ. ಪ್ರತಿಯೊಂದಕ್ಕೂ ಮೊದಲು ಆಯಸ್ಕಾಂತ ಹಿಡಿದು ನೋಡಿದ್ದೇನೆ. ಕಳೆದ ವಾರ ಅದನ್ನು ನನ್ನ ಕೋಣೆಯಲ್ಲಿ ಒಂಟಿ ದಾರದಲ್ಲಿ ತೂಗುಹಾಕಿದೆ. ನಾಲ್ಕು ಗಂಟೆಗೆ ಫ್ಯಾನ್ ಆರಿಸಿ, ಗಾಳಿಯ ನೆಪ ಇರಬಾರದೆಂದು ಕಿಟಕಿ ಮುಚ್ಚಿ, ಎದುರಿಗೆ ಕೂರುತ್ತೇನೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾಳೆ. ಇನ್ನೂ ತಿರುಗಿಲ್ಲ. ತಿರುಗಿದ ದಿನ ಹೇಳಬೇಕಾದದ್ದು ಒಂದೇ ಮಾತು, ಅದನ್ನು ದಿನವೂ ಬಾಯಲ್ಲಿ ಸಿದ್ಧ ಇಟ್ಟುಕೊಂಡಿರುತ್ತೇನೆ: ಸಾರ್, ತಪ್ಪಿದ್ದು ನಿಮ್ಮ ಕೈ ಅಲ್ಲ.